ಸಂಘದ ಪೆಟ್ಟಿಗೆ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ಕವಲು ರೈಲುದಾರಿಯ ಉದ್ದ ಹತ್ತು ಮೈಲಿ. ಬಂಗಾರಪೇಟೆಯನ್ನು ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದ ಕಾಲದಲ್ಲಿ ಈ ದಾರಿಯನ್ನು ಹಾಕಿದ್ದೇ ಗಣಿಗಳಿಗಾಗಿ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ನೆಲವು ಎಂಟುನೂರು ಟನ್ನಿಗೂ ಮಿಕ್ಕ ಚಿನ್ನವನ್ನು ಕೊಟ್ಟಿತು. ಆ ಚಿನ್ನವೆಲ್ಲ ಗಟ್ಟಿಗಳಾಗಿ ಹೊರಗೆ ಹೋಯಿತು. ಸುತ್ತಣ ಹಳ್ಳಿಗಳ ಹೆಂಗಸರ ಪಾಲಿಗೆ ಉಳಿದ ಚಿನ್ನವೆಂದರೆ ಕಿವಿಯ ಓಲೆ, ಕೊರಳಿನ ಗುಂಡು. ಅದೂ ವರ್ಷದಲ್ಲಿ ಎಷ್ಟೋ ಕಾಲ ಪೇಟೆಯ ಗಿರವಿ ಅಂಗಡಿಯಲ್ಲಿಯೇ ವಾಸವಾಗಿರುತ್ತಿತ್ತು. ಇಂಥ ಸೀಮೆಯ ಬಡಹೆಂಗಸರು ಒಂದು ತಗಡಿನ ಪೆಟ್ಟಿಗೆಯನ್ನು ಸುತ್ತುವರಿದು ಕುಳಿತು ಸಾಧಿಸಿದ ಒಂದು ಕೆಲಸವನ್ನು ಶ್ರೋತೃಗಳಿಗೆ ತಿಳಿಸಬೇಕೆಂದಿದ್ದೇನೆ.

ಹಣ ಕೂಡಿಡುವುದು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಸಾಸಿವೆಯ ಡಬ್ಬಿಯಲ್ಲಿ ಹುದುಗಿಸಿಟ್ಟ ನಾಣ್ಯಗಳು, ರಾಗಿಯ ವಾಡೆಯ ತಳದ ಬಟ್ಟೆಯ ಗಂಟು, ನೆರೆಹೊರೆಯವರೊಡನೆ ಹಾಕಿದ ಚೀಟಿ, ಇವು ಬಹುಕಾಲದಿಂದ ನಡೆದುಬಂದಿವೆ. ಆದರೆ ಡಬ್ಬಿಯ ಗುಟ್ಟು ಬಹುದಿನ ನಿಲ್ಲುವುದಿಲ್ಲ. ಗಂಡಸಿಗೆ ಅದರ ಸುಳಿವು ಸಿಕ್ಕಿದರೆ ಗಂಟು ಸೇಂದಿ ಸಾರಾಯಿಗೆ ಹೋಗಬಹುದು. ಸಿಕ್ಕದಿದ್ದರೆ ಹಬ್ಬಕ್ಕೋ ನಂಟರ ಉಪಚಾರಕ್ಕೋ ಕರಗಬಹುದು. ಮನೆಯ ಕೊರತೆಗಳಾದರೋ ಸಣ್ಣವು, ಆದರೆ ಹೇಳದೆ ಕೇಳದೆ ಬರುವಂಥವು: ಮಗುವಿಗೆ ಜ್ವರ, ಬಿತ್ತನೆಗೆ ಕಡಲೆಕಾಯಿ, ಸಾವಿನ ಮನೆಯ ಖರ್ಚು. ಬ್ಯಾಂಕಿಗೆ ಹೋಗೋಣವೆಂದರೆ ಅಲ್ಲಿ ಪಹಣಿ ಕೇಳುತ್ತಾರೆ, ಜಾಮೀನು ಕೇಳುತ್ತಾರೆ. ಜಮೀನು ಇದ್ದರೂ ಅದು ಗಂಡಸಿನ ಹೆಸರಿನಲ್ಲಿ. ಕೊನೆಗೆ ಬಡ್ಡಿಯವನ ಬಾಗಿಲೇ ಗತಿ.

ಈ ಕಷ್ಟಕ್ಕೆ ದಾರಿ ತೋರಿದ್ದು ಒಂದು ವಿಫಲತೆಯೆಂಬುದು ಸ್ವಾರಸ್ಯವಾದ ಸಂಗತಿ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸಕ್ಕಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ನಮ್ಮ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲು ಯತ್ನಿಸಿತು. ಹಲವು ಜಾತಿ, ಹಲವು ಅಂತಸ್ತಿನ ಜನ ಸೇರಿದ ಆ ಸಂಘಗಳಲ್ಲಿ ಕೆಲವೇ ಮಂದಿಯ ಕೈ ಮೇಲಾಯಿತು. 1984-85ರ ಸುಮಾರಿಗೆ ಅವು ಒಡೆದವು. ಆಗ ಕೆಲವು ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದು, ತಾವು ಸಾಲವನ್ನು ತೀರಿಸಲು ಸಿದ್ಧರೆಂದೂ ಆದರೆ ದೊಡ್ಡ ಸಂಘಕ್ಕೆ ಕೊಡದೆ ತಮ್ಮತಮ್ಮ ಗುಂಪಿಗೇ ಕೊಡುವೆವೆಂದೂ ತಿಳಿಸಿದರು. ಆ ಗುಂಪುಗಳನ್ನು ಹಿಡಿದಿಟ್ಟಿದ್ದುದು ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ. ಅದನ್ನು ಯಾವ ಕಾನೂನೂ ಬರೆದುಕೊಟ್ಟಿರಲಿಲ್ಲ. ಸಂಸ್ಥೆಯವರು ಇದನ್ನು ಗ್ರಹಿಸಿ ದೊಡ್ಡದನ್ನು ಕೈಬಿಟ್ಟು ಸಣ್ಣದನ್ನು ಹಿಡಿದರು. 1987ರಲ್ಲಿ ನಬಾರ್ಡ್ ಇದಕ್ಕೆ ಹತ್ತು ಲಕ್ಷ ರೂಪಾಯಿಗಳ ನೆರವನ್ನಿತ್ತಿತು.

ಸಂಘದ ಕಟ್ಟಳೆ ಬಹು ಸರಳವಾದುದು. ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಒಂದು ಜಗುಲಿಯ ಮೇಲೆ ಸೇರುತ್ತಾರೆ. ತಡವಾಗಿ ಬಂದವಳು ತಪ್ಪುಕಾಣಿಕೆ ತೆರಬೇಕು. ಪ್ರತಿಯೊಬ್ಬಳೂ ವಾರಕ್ಕೆ ಹತ್ತು ರೂಪಾಯಿ ಕಟ್ಟಿದಳೆನ್ನೋಣ. ಇಪ್ಪತ್ತು ಮಂದಿಯಿಂದ ವಾರಕ್ಕೆ 200. ವರ್ಷದ 52 ವಾರಗಳಿಗೆ 10,400 ರೂಪಾಯಿ. ಈ ಹಣವನ್ನು ಪೆಟ್ಟಿಗೆಯಲ್ಲಿ ಕೊಳೆಯಿಸದೆ ಅವರಲ್ಲಿಯೇ ಬೇಕಾದವರಿಗೆ ಸಾಲವಾಗಿ ಕೊಡುತ್ತಾರೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದಿಟ್ಟುಕೊಂಡರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕಾಯಿತು. ಇದು ಹೆಚ್ಚಲ್ಲವೇ ಎಂದು ನಗರದ ಅರ್ಥಶಾಸ್ತ್ರಜ್ಞರು ಹುಬ್ಬೇರಿಸುವುದುಂಟು. ಆದರೆ ಆ ಬಡ್ಡಿ ಮರಳಿ ಅದೇ ಪೆಟ್ಟಿಗೆಗೆ ಬೀಳುತ್ತದೆಂಬುದನ್ನು ಅವರು ಮರೆಯಬಾರದು. ಸಾಲಗಾರಳೂ ಸಾಹುಕಾರಳೂ ಇಲ್ಲಿ ಒಬ್ಬಳೇ.

ಒಂದೇ ವಾರ ಒಬ್ಬಾಕೆ ಬಿತ್ತನೆಗೂ ಇನ್ನೊಬ್ಬಾಕೆ ಮಗನ ಮದುವೆಗೂ ಹಣ ಕೇಳಿದಳೆನ್ನಿ. ಇರುವ ಹಣ ಒಬ್ಬಳಿಗೇ ಸಾಕಾಗುವಷ್ಟು. ಮಳೆ ಕಾಯುವುದಿಲ್ಲ, ಮುಹೂರ್ತವೂ ಕಾಯುವುದಿಲ್ಲ. ಯಾರ ಕೊರತೆ ನಿಜವಾದದ್ದು, ಯಾರು ಹಿಂದಿನ ಸಾಲವನ್ನು ನೆಟ್ಟಗೆ ತೀರಿಸಿದವರು ಎಂಬುದು ಅಲ್ಲಿ ಕುಳಿತವರಿಗೆಲ್ಲ ಗೊತ್ತು. ಬಾಯಿಮಾತು ಬಿರುಸಾಗುತ್ತದೆ, ಒಬ್ಬಳು ಸೆರಗು ಕೊಡವಿ ಎದ್ದು ಹೋಗುವುದೂ ಉಂಟು. ಕಾಲೇಜಿನಲ್ಲಿ ನಾವು ನಡೆಸುವ ಚರ್ಚಾಕೂಟಗಳಲ್ಲಿ ಇಷ್ಟು ಜವಾಬ್ದಾರಿಯ ವಾದವನ್ನು ನಾನು ಅಪರೂಪವಾಗಿ ಕೇಳಿದ್ದೇನೆ.

ಇಂಥ ನೋಂದಣಿಯಿಲ್ಲದ ಗುಂಪಿಗೆ ಬ್ಯಾಂಕು ಸಾಲ ಕೊಡಬಹುದೆಂದು ರಿಸರ್ವ್ ಬ್ಯಾಂಕು ಒಪ್ಪಿದ್ದು 1991ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಂದಿನ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆಯು ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲವನ್ನಿತ್ತಿತು. ಮರುತಿಂಗಳು, 1992ರ ಜನವರಿಯಲ್ಲಿ, ಅಂದಿನ ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆಯು ಸರಸ್ವತಿ ಮಹಿಳಾ ಸಂಘಕ್ಕೆ ಕೊಟ್ಟಿತು. ಒಂದು ಗಣಿಯ ರೈಲುದಾರಿಯ ಮೂಲದಲ್ಲಿ, ಇನ್ನೊಂದು ಗಣಿಯ ಮಗ್ಗುಲಲ್ಲಿ. ಇವು ಇಡೀ ದೇಶದಲ್ಲಿ ಈ ಬಗೆಯ ಮೊದಲ ಸಾಲಗಳಲ್ಲಿ ಸೇರಿದುವು. 1992ರಲ್ಲಿ ನಬಾರ್ಡ್ 500 ಸಂಘಗಳ ಗುರಿಯಿಟ್ಟು ಪ್ರಯೋಗವನ್ನು ಆರಂಭಿಸಿತು. ಮುಂದೆ ಅದು ಲಕ್ಷಗಟ್ಟಲೆ ಸಂಘಗಳಿಗೆ ಹಬ್ಬಿತು. 2000-01ರಲ್ಲಿ ಕರ್ನಾಟಕ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನು ತಂದಿತು.

ಮನೆಯೊಳಗೆ ಇದರಿಂದಾದ ಬದಲಾವಣೆಯನ್ನು ಹೊಗಳಿಕೆಯಿಲ್ಲದೆ ನೋಡಬೇಕು. ಸಭೆಗೆ ಹೋದರೆ ಮುದ್ದೆ ತೊಳಸುವವರು ಯಾರೆಂಬ ಜಗಳ ಇನ್ನೂ ಎಷ್ಟೋ ಮನೆಗಳಲ್ಲಿ ತೀರಿಲ್ಲ. ಹೆಂಡತಿಯ ಹೆಸರಿನಲ್ಲಿ ಸಾಲ ತೆಗೆಯಿಸಿ ಗಂಡನೇ ಖರ್ಚುಮಾಡುವುದೂ, ಕಂತನ್ನು ಆಕೆ ಕೂಲಿಮಾಡಿ ತೀರಿಸುವುದೂ ನಡೆಯುತ್ತದೆ. ಆದರೆ ಆ ಹಣ ಎಲ್ಲಿಗೆ ಹೋಯಿತೆಂದು ಮುಂದಿನ ವಾರ ಹತ್ತೊಂಬತ್ತು ಮಂದಿ ಕೇಳುತ್ತಾರೆ. ಸಾಸಿವೆಯ ಡಬ್ಬಿಗೆ ಈ ಬೆಂಬಲವಿರಲಿಲ್ಲ. ಹಸುವನ್ನು ಕೊಂಡಾಕೆ ಹಾಲಿನ ಡೇರಿಯ ಪುಸ್ತಕವನ್ನು ತನ್ನ ಹೆಸರಿನಲ್ಲಿಯೇ ಬರೆಯಿಸಿದರೆ ಅದು ಸಣ್ಣ ಮಾತಲ್ಲ.

ಇನ್ನೊಂದು ಎಚ್ಚರಿಕೆ ಅವಶ್ಯ. ಹೆಂಗಸರನ್ನು ಇದೇ ರೀತಿ ಗುಂಪಾಗಿ ಕೂರಿಸಿ ವಾರವಾರ ಕಂತು ವಸೂಲುಮಾಡುವ ಖಾಸಗಿ ಸಾಲದ ಕಂಪೆನಿಗಳು ಆಮೇಲೆ ಬಂದುವು. ಹೊರನೋಟಕ್ಕೆ ಎರಡೂ ಒಂದೇ. ಚಾಪೆ ಅದೇ, ಹಾಜರಿ ಅದೇ. ಆದರೆ ಇಲ್ಲಿ ಹಣ ಕಂಪೆನಿಯದು, ಬಡ್ಡಿಯೂ ಕಂಪೆನಿಗೆ. ಯಾರಿಗೆಷ್ಟು ಕೊಡಬೇಕೆಂಬ ತೀರ್ಮಾನವೂ ಅವರದೇ, ಒಬ್ಬಳು ತಪ್ಪಿದರೆ ಭಾರ ಮಾತ್ರ ಉಳಿದವರದು. ಒಂದೇ ಮನೆಗೆ ಹಲವು ಕಂಪೆನಿಗಳು ಸಾಲ ಕೊಟ್ಟು, ರೇಷ್ಮೆಯ ಕೆಲಸವೂ ಕುಸಿದಾಗ, 2009ರಲ್ಲಿ ಕೋಲಾರದಲ್ಲಿ ಕಂತು ಕಟ್ಟುವುದೇ ನಿಂತುಹೋಯಿತು. ಅಲ್ಲಿಯ ಅಂಜುಮನ್ ಸಮಿತಿಯು ತನ್ನವರಿಗೆ ಕಟ್ಟಬೇಡಿರೆಂದು ಹೇಳಿತ್ತು. 2025ರಲ್ಲಿ ಸರ್ಕಾರವು ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹೀಗಿರುವುದರಿಂದ ಗುಂಪಿಗೆ ಸೇರುವಾಕೆ ಮೊದಲು ಕೇಳಬೇಕಾದ ಪ್ರಶ್ನೆ: ಪೆಟ್ಟಿಗೆಯ ಬೀಗದಕೈ ಯಾರ ಸೆರಗಿನಲ್ಲಿದೆ?

ಗಣಿ ಮುಚ್ಚಿದ ಮೇಲೆ ಮಾರಿಕುಪ್ಪದ ರೈಲು ಬೆಳಗಿನ ಜಾವವೇ ಜನರನ್ನು ತುಂಬಿಕೊಂಡು ಬೆಂಗಳೂರಿನ ಕೆಲಸಗಳಿಗೆ ಹೊರಡುತ್ತದೆ. ಅದರಲ್ಲಿ ಹೆಂಗಸರೂ ಇದ್ದಾರೆ. ಅವರಿಗೆ ಮಧ್ಯಾಹ್ನದ ಜಗುಲಿಯ ಸಭೆ ಆಗದ ಮಾತು. ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟು, ದೀಪದ ಕೆಳಗೆ ಪುಸ್ತಕ ಬಿಚ್ಚಿ, ನಿದ್ದೆಗಣ್ಣಿನಲ್ಲಿಯೇ ಲೆಕ್ಕ ಓದಿಸಿಕೊಳ್ಳಬೇಕು. ನಾಲ್ಕು ಗಂಟೆಗೆ ಮತ್ತೆ ಏಳಬೇಕು.