ಕಾರಿನ ಬಾಗಿಲಿನ ರೆಕ್ಸಿನ್ ಎದ್ದಿದೆಯೆ? ನೀವೇ ಅಂಟಿಸಿ!

ಮನೆಯಲ್ಲಿ ಹಳೆಯ ಕಾರಿದ್ದರೆ ಅದರ ಬಾಗಿಲಿನ ಒಳಮೈಯನ್ನೊಮ್ಮೆ ನೋಡಿ. ಕಿಟಕಿಯ ಅಂಚಿನಲ್ಲೋ ಕಾಲಿನ ಹತ್ತಿರವೋ ರೆಕ್ಸಿನ್ ಬಿಟ್ಟುಕೊಂಡು ಕರಿದ ಹಪ್ಪಳದ ಹಾಗೆ ಉಬ್ಬಿರುತ್ತದೆ. ಒಳಗಿನ ಸ್ಪಂಜು ಪುಡಿಯಾಗಿ, ಇಳಿಯುವಾಗ ಸೀರೆಗೆಲ್ಲ ಮೆತ್ತಿಕೊಳ್ಳುತ್ತದೆ. "ರೀ, ಇದನ್ನ ಸ್ವಲ್ಪ ಸರಿ ಮಾಡಿಸಿ" ಅಂದರೆ, "ಕಾರು ಓಡ್ತಾ ಇದೆಯಲ್ಲ, ಬಾಗಿಲಿನ ಅಂದ ಕಟ್ಕೊಂಡು ಏನಾಗ್ಬೇಕು?" ಎಂಬ ಉತ್ತರ! ಕುಶನ್ ಅಂಗಡಿಯವರನ್ನು ಕೇಳಿದರೆ, "ನಾಲ್ಕೂ ಬಾಗಿಲಿಗೆ ಹೊಸದೇ ಹಾಕ್ಬಿಡೋಣ ಮೇಡಂ" ಎನ್ನುತ್ತಾರೆ. ಮಾರುತಿ 800ರಂಥ, ಗಾಜನ್ನು ಕೈಯಲ್ಲೇ ತಿರುಗಿಸಿ ಏರಿಸುವ ಕಾರಾದರೆ ಈ ಕೆಲಸ ಮನೆಯಲ್ಲೇ ಆಗುತ್ತದೆ. 1983ರಲ್ಲಿ ಬಂದ ಆ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಇಂದಿಗೂ ಅದನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ.

ಗೋಂದು ತರುವ ಮೊದಲು ಒಂದು ವಿಷಯ ಗಮನಿಸಿ. ರೆಕ್ಸಿನ್ ಎದ್ದಿರುವುದು ಮೇಲಿನ ಅಂಚಿನಲ್ಲೋ, ಕೆಳಗಿನ ಅಂಚಿನಲ್ಲೋ? ಮೇಲೆ, ಗಾಜಿನ ಪಕ್ಕ ಎದ್ದಿದ್ದರೆ ಅದು ಬಿಸಿಲಿನ ಕೆಲಸ. ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಶಾಖ 50 ಡಿಗ್ರಿ ಮುಟ್ಟುವುದು ದೊಡ್ಡದಲ್ಲ. ಹಳೆಯ ಗೋಂದು ಒಣಗಿ ಉದುರುತ್ತದೆ, ರೆಕ್ಸಿನ್ ಮೆದುತನ ಕಳೆದುಕೊಂಡು ಬಿಗಿಯುತ್ತದೆ. ಕೆಳಗೆ ಎದ್ದು, ಹಲಗೆಯೂ ಅಲೆಅಲೆಯಾಗಿದ್ದರೆ ಅದು ನೀರಿನ ಕೆಲಸ. ಇದನ್ನು ಮಾತ್ರ ಹಗುರವಾಗಿ ತಗೋಬೇಡಿ. ಬಾಗಿಲಿನ ತಳದ ತಗಡು ಒಳಗಿಂದೊಳಗೇ ತುಕ್ಕು ಹಿಡಿಯುತ್ತಿರಬಹುದು. ಆಮೇಲೆ ಟಿಂಕರಿಂಗ್, ಪೇಂಟು ಎಂದು ಹೊರಟರೆ ರೆಕ್ಸಿನ್ನಿನ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಹಲಗೆ ಬಿಚ್ಚುವುದು ಕಷ್ಟವಲ್ಲ. ಕೈ ಊರುವ ಹಿಡಿಯ ಸ್ಕ್ರೂಗಳನ್ನು ತೆಗೆಯಿರಿ. ಬಾಗಿಲು ತೆರೆಯುವ ಹಿಡಿಯ ಸುತ್ತಲಿನ ಬಟ್ಟಲನ್ನೂ ಬಿಡಿಸಿ. ಗಾಜು ತಿರುಗಿಸುವ ಹಿಡಿಯನ್ನು ಹಿಡಿದಿರುವುದು ಅದರ ಬೆನ್ನಿಗಿರುವ ಸಣ್ಣ ತಂತಿಯ ಕ್ಲಿಪ್ಪು. ಹಿಡಿಗೂ ಹಲಗೆಗೂ ನಡುವೆ ಹಳೇ ಪಂಚೆಯ ತುಂಡೊಂದನ್ನು ತೂರಿಸಿ, ಮೊಸರು ಕಡೆಯುವ ಹಾಗೆ ಆ ಕಡೆ ಈ ಕಡೆ ಎಳೆದರೆ ಕ್ಲಿಪ್ಪು ಚಿಮ್ಮಿ ಬರುತ್ತದೆ. ಕೆಳಗೊಂದು ಟವೆಲ್ ಹಾಸಿರಲಿ, ಇಲ್ಲದಿದ್ದರೆ ಅದನ್ನು ಹುಡುಕುವುದೇ ಒಂದು ಕೆಲಸ! ಹಲಗೆಯ ಸುತ್ತ ಇರುವ ಪ್ಲಾಸ್ಟಿಕ್ ಗುಂಡಿಗಳನ್ನು ಮರದ ಸಟ್ಟುಗದಿಂದ ಒಂದೊಂದಾಗಿ ಮೀಟಿ. ಒಂದೇ ಕಡೆ ಹಿಡಿದು ಜಗ್ಗಿದರೆ ಹಲಗೆ ಕಿತ್ತು ಬರುತ್ತದೆ, ಗುಂಡಿ ಅಲ್ಲೇ ಉಳಿಯುತ್ತದೆ.

ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದು ಕಾಣಬೇಕು. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜವೇ. ಅದು ತಳದ ತೂತುಗಳಿಂದ ಹೊರಗೆ ಹೋಗಬೇಕು. ಈ ಹಾಳೆ ಹರಿದಿದ್ದರೆ ನೀರು ಹಲಗೆಗೆ ತಗಲುತ್ತದೆ. ಹಿಂದೆ ಯಾರೋ ರಿಪೇರಿಗೆ ಬಿಚ್ಚಿದವರು ಅದನ್ನು ಹರಿದು ಎಸೆದಿರುವುದೇ ಹೆಚ್ಚು. ದಪ್ಪನೆಯ ಪಾಲಿಥಿನ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ, ನೀರಿಗೆ ಬಿಡದ ಟೇಪಿನಿಂದ ಸುತ್ತಲೂ ಅಂಟಿಸಿ. ಅದರ ಕೆಳ ಅಂಚು ಬಾಗಿಲಿನ ಒಳಕ್ಕೆ ತೂರಿರಬೇಕು, ಆಗ ನೀರು ಒಳಗೇ ಜಾರಿ ಬೀಳುತ್ತದೆ. ತಳದ ತೂತುಗಳಲ್ಲಿ ಕೂತ ಮಣ್ಣನ್ನು ಪೊರಕೆಕಡ್ಡಿಯಿಂದ ಚುಚ್ಚಿ ತೆಗೆಯಿರಿ. ಇಷ್ಟು ಮಾಡದೆ ಬರೀ ರೆಕ್ಸಿನ್ ಅಂಟಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒದ್ದೆ ಹಲಗೆಯನ್ನು ನೆರಳಲ್ಲಿ ಸಮನಾದ ನೆಲದ ಮೇಲಿಟ್ಟು, ಅಕ್ಕಿ ಡಬ್ಬ ಹೇರಿ ಎರಡು ದಿನ ಒಣಗಿಸಿ. ಮೂಲೆ ಮುಟ್ಟಿದರೆ ಉದುರುವಂತಿದ್ದರೆ ಹಳೆಯದರ ಅಳತೆಗೆ ಹೊಸ ಹಾರ್ಡ್‌ಬೋರ್ಡನ್ನೇ ಕತ್ತರಿಸಬೇಕಾಗುತ್ತದೆ. ಇನ್ನು ಎದ್ದ ಜಾಗದ ಹಳೆಯ ಗೋಂದು, ಸ್ಪಂಜಿನ ಪುಡಿ ಎಲ್ಲವನ್ನೂ ಮೊಂಡು ಚಾಕುವಿನಿಂದ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಬ್ರಷ್ಷಿನಿಂದ ಗುಡಿಸಿ. ಈ ಬೇಸರದ ಕೆಲಸದಲ್ಲೇ ಇಡೀ ರಿಪೇರಿ ನಿಂತಿದೆ. ಪುಡಿಯ ಮೇಲೆ ಹಚ್ಚಿದ ಗೋಂದು ಪುಡಿಗೆ ಅಂಟುತ್ತದೆಯೇ ಹೊರತು ಹಲಗೆಗಲ್ಲ. ರೆಕ್ಸಿನ್ನಿನ ಹೊರಮೈಗೆ ಥಿನ್ನರ್ ತಾಗಿಸಬೇಡಿ, ಬಣ್ಣವೂ ಹೊಳಪೂ ಹೋಗುತ್ತವೆ.

ಮಕ್ಕಳ ಕ್ರಾಫ್ಟಿನ ಬಿಳಿ ಗೋಂದು ಇಲ್ಲಿ ಉಪಯೋಗವಿಲ್ಲ. ಕುಶನ್ ಕೆಲಸದವರು ಬಳಸುವ ಹಳದಿ ರಬ್ಬರ್ ಗೋಂದು, ಫೆವಿಕಾಲ್ ಎಸ್‌ಆರ್ ಥರದ್ದು, ಬೇಕು. ಡಬ್ಬದ ಮೇಲೆ ಶಾಖ ತಡೆಯುತ್ತದೆ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಆದರೆ ಎಚ್ಚರಿಕೆ! ಇದರ ಆವಿಗೆ ತಟ್ಟನೆ ಬೆಂಕಿ ಹತ್ತುತ್ತದೆ, ತಲೆಯೂ ಸುತ್ತುತ್ತದೆ. ಅಡಿಗೆಮನೆಯಲ್ಲಾಗಲಿ ದೇವರ ದೀಪದ ಹತ್ತಿರವಾಗಲಿ ಡಬ್ಬ ತೆರೆಯಲೇಬಾರದು. ಮಹಡಿಯ ಮೇಲೋ ಅಂಗಳದಲ್ಲೋ ಕೆಲಸ ಮಾಡಿ. ಬಸುರಿಯರು, ಮಕ್ಕಳು, ಉಬ್ಬಸದವರು ದೂರವಿರಲಿ.

ಬಿಗಿದ ರೆಕ್ಸಿನ್ನನ್ನು ಮೊದಲು ಕಾಲು ಗಂಟೆ ಬಿಸಿಲಿಗಿಡಿ, ಇಲ್ಲವೆ ದೂರದಿಂದ ಹೇರ್ ಡ್ರೈಯರ್ ಹಿಡಿಯಿರಿ, ಮೆತ್ತಗಾಗುತ್ತದೆ. (ಇಸ್ತ್ರಿಪೆಟ್ಟಿಗೆ ಬೇಡ, ಕರಗಿ ಹೋಗುತ್ತೆ.) ಆಮೇಲೆ ಹಲಗೆಗೂ ರೆಕ್ಸಿನ್ನಿನ ಬೆನ್ನಿಗೂ, ಎರಡಕ್ಕೂ, ತೆಳ್ಳಗೆ ಗೋಂದು ಸವರಿ. ಹತ್ತು ಹದಿನೈದು ನಿಮಿಷ ಸುಮ್ಮನಿರಿ. ಬೆರಳು ತಾಗಿಸಿದರೆ ಜಿಗುಟಾಗಿದ್ದು ಎಳೆ ಬರದಂತಿರಬೇಕು, ಅದೇ ಹದ. ಸಕ್ಕರೆ ಪಾಕದ ಹದ ಬಲ್ಲವರಿಗೆ ಇದೇನು ಮಹಾ! ಗಟ್ಟಿಯಾಗಿ ಅಂಟಿರುವ ಕಡೆಯಿಂದ ಶುರುಮಾಡಿ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ, ಹಿಂದೆಯೇ ಲಟ್ಟಣಿಗೆ ಆಡಿಸಿ. ಒಮ್ಮೆ ತಾಗಿತೆಂದರೆ ಮತ್ತೆ ಸರಿಸಲಾಗದು. ಅಂಚನ್ನು ಒಂದೂವರೆ ಸೆಂಟಿಮೀಟರಿನಷ್ಟು ಹಿಂದಕ್ಕೆ ಮಡಿಚಿ ಅಂಟಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿ 24 ಗಂಟೆ ಬಿಡಿ.

ರೆಕ್ಸಿನ್ನೇ ಬಿರುಕು ಬಿಟ್ಟು ಮಡಿಚಿದರೆ ಮುರಿಯುವಂತಿದ್ದರೆ ಅಂಟಿಸುವುದು ದಂಡ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಮೀಟರ್ ಲೆಕ್ಕದಲ್ಲಿ ಹೊಸದು ಸಿಗುತ್ತದೆ. ಹೊಸ ಮಾದರಿಯ ಕಾರುಗಳ ಬಾಗಿಲಲ್ಲಿ ಗಾಜಿನ ಮೋಟಾರು, ಸ್ಪೀಕರು, ಕೆಲವದರಲ್ಲಿ ಏರ್‌ಬ್ಯಾಗಿನ ಸೆನ್ಸರೂ ಇರುತ್ತದೆ. ಅವನ್ನು ಗೊತ್ತಿದ್ದವರೇ ಬಿಚ್ಚಲಿ.

ಹಲಗೆ ಕೂರಿಸಿದ ಮೇಲೆ ಗಾಜಿನ ಹೊರಗೆ ಒಂದು ಚೊಂಬು ನೀರು ಸುರಿದು ನೋಡಿ. ಅದು ಬಾಗಿಲಿನ ತಳದಿಂದ ತೊಟ್ಟಿಕ್ಕಬೇಕು, ಒಳಗೆ ಕಾಲಿಡುವ ಮ್ಯಾಟು ಒಣಗಿಯೇ ಇರಬೇಕು.