ಸೀನಿದರೆ ಮೂತ್ರ ಸೋರುವುದೇಕೆ?

ಪ್ರಶ್ನೆ: ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಕೆಲವು ಹೆಂಗಸರಿಗೆ ಮೂತ್ರ ಸೋರುವುದೇಕೆ? ಇದಕ್ಕೆ ಪರಿಹಾರವಿದೆಯೇ?

ಉತ್ತರ: ಖಂಡಿತ ಇದೆ. ಆದರೆ ಬಾಯಿಬಿಟ್ಟು ಹೇಳುವವರೇ ಕಡಿಮೆ. ಮದುವೆ ಮನೆಗೆ ಹೋದೊಡನೆ ಬಚ್ಚಲು ಎಲ್ಲಿದೆಯೆಂದು ಹುಡುಕುವವರು, ದೂರದ ಬಸ್ ಪ್ರಯಾಣವಿದ್ದರೆ ಬೆಳಗಿನಿಂದ ನೀರೇ ಮುಟ್ಟದವರು, ಕಲೆ ಕಾಣದಿರಲೆಂದು ಗಾಢ ಬಣ್ಣದ ಸೀರೆಯನ್ನೇ ಉಡುವವರು ನಮ್ಮ ನಡುವೆಯೇ ಇದ್ದಾರೆ. ಹೆತ್ತ ಮಗಳಿಗೂ ಅವರು ಹೇಳಿರುವುದಿಲ್ಲ.

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವುದು ಸೊಂಟದ ತಳದ ಸ್ನಾಯುಗಳು. ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಬೊಜ್ಜು, ಹಳೆಯ ಕೆಮ್ಮು, ಮಲಬದ್ಧತೆ ಇವುಗಳಿಂದ ಅವು ಸಡಿಲವಾಗುತ್ತವೆ. ಸೀನಿದಾಗ ಹೊಟ್ಟೆಯೊಳಗೆ ಏರುವ ಒತ್ತಡವನ್ನು ತಡೆಯಲಾಗದೆ ಮೂತ್ರ ಸೋರುತ್ತದೆ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದಕ್ಕೊಂದು ವ್ಯಾಯಾಮ ಸೂಚಿಸಿದರು. ಹೂಸು ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಮೇಲಕ್ಕೆಳೆದು ಕೆಲವು ಸೆಕೆಂಡು ಹಿಡಿದು, ಆಮೇಲೆ ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು. ಒಮ್ಮೆಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಬಸ್ಸಿನಲ್ಲಿ ಕೂತೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದೇ ಇಲ್ಲ. ಆದರೆ ಮೂತ್ರ ಮಾಡುತ್ತಾ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ.

ನೀರು ಕುಡಿಯುವುದನ್ನೇ ಬಿಡುವುದಂತೂ ತಪ್ಪು. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ.

ವ್ಯಾಯಾಮದಿಂದ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ಉರಿ ಅಥವಾ ರಕ್ತ ಕಂಡರೆ ತಡಮಾಡಬೇಡಿ. ಸ್ತ್ರೀರೋಗ ತಜ್ಞರ ಬಳಿ ಹೋದಾಗ ಸಂಕೋಚಪಡದೆ ಈ ತೊಂದರೆಯನ್ನೇ ಮೊದಲು ಹೇಳಿ.