ಉಯಿಲಿದೆ, ಪಾಲು ಬಂದಿಲ್ಲ: ಏನು ಮಾಡಬೇಕು?

ಅಪ್ಪ ಉಯಿಲು ಬರೆದಿಟ್ಟು ಹೋದರು. ಉಯಿಲನ್ನು ಜಾರಿಗೆ ತರಬೇಕಾದ ಎಕ್ಸಿಕ್ಯೂಟರ್ ಆಗಿರೋ ದೊಡ್ಡಪ್ಪ ಮಾತ್ರ ‘ಹಬ್ಬ ಕಳೀಲಿ, ನೋಡೋಣ’ ಅಂತಲೇ ಇದ್ದಾರೆ. ಪಾಸ್‌ಬುಕ್, ಸೈಟಿನ ಪತ್ರ ಎಲ್ಲ ಅವರ ಬೀರುವಿನಲ್ಲೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಏನು ಹೇಳುತ್ತೆ?

ತೀರಿಕೊಂಡ ದಿನದಿಂದ 1 ವರ್ಷ ಆಗೋವರೆಗೆ ಪಾಲು ಕೊಡಲೇಬೇಕು ಅಂತ ಎಕ್ಸಿಕ್ಯೂಟರನ್ನು ಒತ್ತಾಯಿಸೋ ಹಾಗಿಲ್ಲ. ಆದರೆ ಪ್ರೊಬೇಟ್ (ಉಯಿಲಿಗೆ ಕೋರ್ಟಿನ ದೃಢೀಕರಣ) ಸಿಕ್ಕಿದ್ದರೆ, 6 ತಿಂಗಳಲ್ಲಿ ಆಸ್ತಿ–ಸಾಲದ ಪಟ್ಟಿ, 1 ವರ್ಷದಲ್ಲಿ ಲೆಕ್ಕಪತ್ರ ಕೋರ್ಟಿಗೆ ಸಲ್ಲಿಸಬೇಕು. ಇದು ಸೆಕ್ಷನ್ 317.

ಮೊದಲು ಲೆಕ್ಕ ಕೇಳಿ ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ವಕೀಲರ ನೋಟಿಸ್. ಅದಕ್ಕೂ ಜಗ್ಗದಿದ್ದರೆ, ಸೆಕ್ಷನ್ 301ರಡಿ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಎಕ್ಸಿಕ್ಯೂಟರನ್ನು ತೆಗೆದು ಬೇರೆಯವರನ್ನು ನೇಮಿಸೋ ಅಧಿಕಾರ ಅದಕ್ಕಿದೆ.

ಸಂಬಂಧ ಕೆಡುತ್ತೆ ಅಂತ ಸುಮ್ಮನಿರಬೇಡಿ. ಲೆಕ್ಕ ಕೇಳೋ ಹಕ್ಕು ನಿಮಗಿದೆ, ಧೈರ್ಯವಾಗಿ ಕೇಳಿ.